ಹಕ್ಕಿ ಮಡಕೆ – ಏಳನೆಯ ಕಂತು: ಕೂಡಿದ ಗೆರೆ

ದಫೇದಾರ್ ಕಲ್ಲಪ್ಪನ ಬಲಗೈ ಮಣಿಕಟ್ಟಿನವರೆಗೂ ಮಡಕೆಯೊಳಗಿತ್ತು. ಕಣ್ಣು ಮುಚ್ಚಿತ್ತು.

"ಏನ್ರೀ ದಫೇದಾರ್, ಒಳಗೆ ಚೇಳು ಹುಡುಕ್ತಿದ್ದೀರೋ, ಜಪಕ್ಕೆ ಕೂತ್ರೋ?" ಎಂದರು ಇನ್ಸ್‌ಪೆಕ್ಟರ್ ಚಂದ್ರಶೇಖರಯ್ಯ.

ಕಲ್ಲಪ್ಪನ ಬೆರಳು ಮಡಕೆಯ ಒಳಮೈಯನ್ನು ತಡವುತ್ತಲೇ ಇತ್ತು. ಮೇಲಧಿಕಾರಿಯ ಮಾತಿಗೆ ಉತ್ತರ ಕೊಡದೆ ಕೂತದ್ದು ಅವನ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಇದೇ ಮೊದಲು.

ಲಕ್ಕವಳ್ಳಿಯ ಅಣೆಕಟ್ಟೆ ಕಾಲೊನಿಯಲ್ಲಿ ಕೀಟಿಂಗ್ ಸಾಹೇಬರ ಅಮೆರಿಕದ ಮಡಕೆ ಮಾಯವಾಗಿ, ಅದರ ಜಾಗದಲ್ಲಿ ಅದರಂಥದೇ ಇನ್ನೊಂದು ಬಂದು ಕೂತಿದೆಯೆಂದು ದೂರು ಬಿದ್ದು ಒಂಬತ್ತು ದಿನವಾಗಿತ್ತು. ಬಂಗಲೆಯ ಅಡುಗೆಯ ರಂಗಪ್ಪ ಲಾಕಪ್ಪು ಸೇರಿ ಎಂಟು ದಿನ. ಕುಂಬಾರರ ಮನೆಯಲ್ಲಿ ಹುಟ್ಟಿದ ದಫೇದಾರ ಅಜ್ಜಂಪುರದಲ್ಲಿದ್ದಾನೆಂದು ಯಾರೋ ಹೇಳಿ, ಇನ್ಸ್‌ಪೆಕ್ಟರು ಇವತ್ತು ಬೆಳಿಗ್ಗೆ ಅವನನ್ನು ಬಸ್ಸಿನಲ್ಲಿ ಸಾಹೇಬರ ಬಂಗಲೆಗೆ ಕರೆಸಿಕೊಂಡಿದ್ದರು.

ಮಡಕೆಯ ಹೊರಮೈ ನುಣ್ಣಗಿತ್ತು. ಒಳಮೈ ಹಾಗಿರಲಿಲ್ಲ. ಅಲ್ಲಿ ಸಾಲುಸಾಲಾಗಿ ತಗ್ಗುಗಳು, ಒಂದೊಂದೂ ನಿಂಬೆಹಣ್ಣಿನ ಅಗಲ.

ಆ ತಗ್ಗು ಏನೆಂದು ಕಲ್ಲಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಡಕೆ ಇನ್ನೂ ಹಸಿಯಿರುವಾಗ ಒಂದು ಕೈಯಲ್ಲಿ ಉರುಟು ಕಲ್ಲನ್ನು ಒಳಗೆ ಆನಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಹಲಗೆಯಿಂದ ಹೊರಗೆ ತಟ್ಟುತ್ತಾರೆ. ಅದಕ್ಕೆ ತಟ್ಟುಗಲ್ಲು ಎನ್ನುತ್ತಾರೆ. ಹೊರಗಡೆಯ ಪೆಟ್ಟನ್ನು ಎಷ್ಟು ಬೇಕಾದರೂ ಉಜ್ಜಿ ನುಣುಪು ಮಾಡಬಹುದು, ಆದರೆ ಕಿರಿದಾದ ಬಾಯಿಯ ಮಡಕೆಯ ಒಳಗೆ ಕಲ್ಲು ಬಿಟ್ಟ ಗುರುತನ್ನು ಅಳಿಸಲು ಕೈ ತಿರುಗುವುದಿಲ್ಲ.

"ಇದು ಅಮೆರಿಕದ್ದಲ್ಲ ಸ್ವಾಮಿ. ನಮ್ಮ ಕಡೆ ಕೈಯಿಂದ್ಲೇ ಆಗಿರೋದು" ಎಂದ.

"ಅದು ಸಾಹೇಬರೇ ಹೇಳಿದ್ದಾರೆ. ಯಾರ ಕೈ ಅಂತ ಹೇಳಿ. ರಂಗಪ್ಪ ಯಾವ ಕುಂಬಾರನ ಹತ್ರ ಮಾಡಿಸ್ದ, ಅದನ್ನ ಹೇಳಿ."

ಕಲ್ಲಪ್ಪನ ಹೆಬ್ಬೆರಳು ಒಂದು ತಗ್ಗಿನಿಂದ ಇನ್ನೊಂದಕ್ಕೆ ಇಳಿಯಿತು, ಅಲ್ಲಿಂದ ಮತ್ತೊಂದಕ್ಕೆ. ಪ್ರತಿ ತಗ್ಗಿನ ಅಂಚಿನಲ್ಲೂ ಒಂದೇ ಕಡೆ ಅಕ್ಕಿಕಾಳಿನಷ್ಟು ಮಣ್ಣು ಎದ್ದು ನಿಂತಿತ್ತು. ಕಲ್ಲಿನಲ್ಲಿ ಚಕ್ಕೆ ಹಾರಿದ ಜಾಗಕ್ಕೆ ಮಣ್ಣು ನುಗ್ಗಿ ಉಳಿಸಿದ ಗುರುತು.

ಅವನು ಆ ಅಂಚನ್ನು ಇನ್ನೊಮ್ಮೆ ಮುಟ್ಟಿ ನೋಡಿದ.

ಆ ಚಕ್ಕೆ ಹಾರಿಸಿದ್ದು ಅವನೇ. ಎಂಟು ವರ್ಷದವನಿದ್ದಾಗ ಅಟ್ಟದ ಮೇಲಿನ ಬೆಲ್ಲಕ್ಕೆ ಕೈ ಹಾಕಲು ಹೋಗಿ ಅವ್ವನ ತಟ್ಟುಗಲ್ಲನ್ನು ಬೀಸುವ ಕಲ್ಲಿನ ಮೇಲೆ ಬೀಳಿಸಿದ್ದ. ಅವ್ವ ಮೊದಲು ಅವನಿಗೆ ನಾಲ್ಕು ಬಾರಿಸಿ, ಆಮೇಲೆ ಆ ಕಲ್ಲನ್ನು ಎದೆಗೆ ಅವುಚಿಕೊಂಡು ಅತ್ತಿದ್ದಳು. ಅದು ಅವಳ ಅವ್ವ ಕೊಟ್ಟ ಕಲ್ಲು. ಕೊನೆಗೆ ಅದನ್ನು ಅವಳು ಕೊಟ್ಟದ್ದು ಕಿರಿಯ ಮಗಳು ಹಾಲಮ್ಮನಿಗೆ, ಮದುವೆಯಾಗಿ ಹೋಗುವಾಗ.

ಹಾಲಮ್ಮ ಐವತ್ತೈದನೇ ಇಸವಿಯ ಆಷಾಢದಲ್ಲಿ ಭದ್ರೆಯ ಪಾಲಾದಳು. ದಡದ ಮೇಲೆ ಅವಳ ಕೊಡ ಸಿಕ್ಕಿತು, ಹೆಣ ಸಿಗಲಿಲ್ಲ. ಕಲ್ಲೂ ಸಿಗಲಿಲ್ಲ. ಆರು ವರ್ಷವಾಗುತ್ತ ಬಂತು.

ಕಲ್ಲಪ್ಪ ಕೈಯನ್ನು ಮೆಲ್ಲಗೆ ಹೊರಗೆ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. "ನೋಡ್ಬೇಕು ಸ್ವಾಮಿ, ಒಂದಿನ ಟೈಮ್ ಕೊಡಿ" ಎಂದ.

ಕೀಟಿಂಗ್ ಸಾಹೇಬರು ಕಿಟಕಿಯ ಪಕ್ಕ ಕೂತಿದ್ದರು. ಆರಡಿ ಆಳು, ಈಗ ಅಂಗಿ ಮೈಮೇಲೆ ಜೋತುಬಿದ್ದಿತ್ತು. ಅಣೆಕಟ್ಟೆ ಕೆಲಸಕ್ಕೆ ಸಲಹೆಗಾರರಾಗಿ ಬಂದು ಐದು ವರ್ಷ. ಹೆಂಡತಿ ಎಡ್ನಾ ಅಮ್ಮ ಹೋದ ದೀಪಾವಳಿಗೆ ಒಂದು ವಾರ ಮುಂಚೆ ಇಲ್ಲೇ ಕಣ್ಣು ಮುಚ್ಚಿದ್ದರು. ಕಾಲೊನಿಯ ಕೂಲಿಯವರ ಜೊತೆ ಕಲಿತ ಒಂದು ಹಿಡಿ ಕನ್ನಡ ಸಾಹೇಬರಿಗೆ ಬರುತ್ತಿತ್ತು.

ಅವರು ಎದ್ದು ಬಂದು ಮಡಕೆಯ ಮುಂದೆ ಮಂಡಿಯೂರಿದರು.

ಚೆಲುವಾದ ಮಡಕೆ, ಸುಳ್ಳಾಡಬಾರದು. ನಮ್ಮ ಮಡಕೆಗಳಂತೆ ಗುಂಡಗಿಲ್ಲ. ಭುಜ ಅಗಲ, ಚಪ್ಪಟೆ, ಬಾಯಿ ಕಿರಿದು. ಮೈ ಮಾಗಿದ ಬಾಳೆಹಣ್ಣಿನ ಬಣ್ಣ. ಭುಜದ ಸುತ್ತ ಕಪ್ಪು ಕೆಂಪಿನಲ್ಲಿ ಹಕ್ಕಿ. ಹಕ್ಕಿಯೆಂದರೆ ಹಕ್ಕಿ ಇಡಿಯಾಗಿ ಎಲ್ಲೂ ಇಲ್ಲ. ಇಲ್ಲೊಂದು ಬಾಗಿದ ಕೊಕ್ಕು, ಅಲ್ಲೊಂದು ರೆಕ್ಕೆಯ ಅಂಚು, ಸಾಲಾಗಿ ಮೂರು ಬಾಲದ ಗರಿ. ದೂರ ನಿಂತರೆ ಮಾತ್ರ ಒಂದು ಹಿಂಡು ಮಡಕೆಯ ಸುತ್ತ ಹಾರುತ್ತಿದೆ ಅನ್ನಿಸುತ್ತದೆ.

"ಎಡ್ನಾ ಟೀಚರ್" ಎಂದರು ಸಾಹೇಬರು. "ಅಮೆರಿಕದಲ್ಲಿ ಅರಿಜೋನ. ಅಲ್ಲಿ ಮೂಲ ಜನ, ಹೋಪಿ ಜನ, ಟೇವಾ ಜನ. ಟೇವಾ ಬೇರೆ ಊರಿಂದ ಬಂದರು, ಹೋಪಿ ಪಕ್ಕ ಮನೆ ಮಾಡಿದರು. ಭಾಷೆ ಬಿಡಲಿಲ್ಲ. ಅಲ್ಲಿ ಒಂದು ಅಜ್ಜಿ ಮಾಡಿತು, ಎಡ್ನಾಗೆ ಕೊಟ್ಟಿತು. ಚಕ್ರ ಇಲ್ಲ. ಮಣ್ಣು ಹಾವಿನ ಹಾಗೆ ಸುತ್ತಿ ಸುತ್ತಿ ಮಾಡುತ್ತಾರೆ. ಎಲೆ ಅಗಿದು ಬ್ರಷ್."

ಅವರ ಬೆರಳು ಮಡಕೆಯ ಕೊರಳಿನ ಸುತ್ತ ಎಳೆದಿದ್ದ ಕಪ್ಪು ಗೆರೆಯ ಮೇಲೆ ಹೊರಟಿತು. ಸುತ್ತು ಹಾಕಿ ಹೊರಟಲ್ಲಿಗೇ ಬಂತು.

"ನಮ್ಮ ಮಡಕೆ, ಇಲ್ಲಿ ಬಾಗಿಲು. ಗೆರೆ ಕೂಡಲ್ಲ. ಒಂದು ಬೆರಳು ಜಾಗ. ಗೆರೆ ಮುಚ್ಚಿದರೆ ಮಾಡಿದವಳ ದಾರಿ ಮುಚ್ಚುತ್ತದೆ, ಎಡ್ನಾ ಹೇಳುತ್ತಿದ್ದಳು. ನಿಜವೋ, ನನಗೆ ಗೊತ್ತಿಲ್ಲ. ದಿನಾ ಬೆರಳು ಅಲ್ಲಿ ಇಡುತ್ತಿದ್ದಳು. ಅವಳು ಹೋದ ಮೇಲೆ ನಾನು ನೋಡಲಿಲ್ಲ. ನೋಡಲು ಆಗಲಿಲ್ಲ. ಪ್ಯಾಕಿಂಗ್ ದಿನ ಬೆರಳು ಇಟ್ಟೆ." ಸಾಹೇಬರು ಗೆರೆಯನ್ನು ಇನ್ನೊಮ್ಮೆ ಸುತ್ತಿದರು. "ಬಾಗಿಲು ಇಲ್ಲ."

ಶುಕ್ರವಾರ ಅವರು ಬೀರೂರಿನಿಂದ ರೈಲು ಹತ್ತುವವರಿದ್ದರು. ಆ ಅಜ್ಜಿಯ ಮನೆಯವರಿಗೆ ಮಡಕೆಯನ್ನು ಹಿಂದಿರುಗಿಸುತ್ತೇನೆಂದು ಎಡ್ನಾ ಅಮ್ಮನಿಗೆ ಮಾತು ಕೊಟ್ಟಿದ್ದರಂತೆ.

ಕಲ್ಲಪ್ಪ ಆ ಕೂಡಿದ ಗೆರೆಯನ್ನೇ ನೋಡುತ್ತಿದ್ದ. ಬೇರೆ ಯಾರಾದರೂ ಕಳ್ಳರಾಗಿದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆದು ಬಚಾವಾಗುತ್ತಿದ್ದರು. ಹಕ್ಕಿಯ ಗರಿಗರಿಯನ್ನೂ ತಪ್ಪದೆ ಇಳಿಸಿದ ಕೈ ಇದೊಂದನ್ನು ತಪ್ಪಿದೆ. ಕಣ್ಣು ತಪ್ಪಿ ಆದದ್ದಲ್ಲ. ಆ ಜಾಗವನ್ನು ಹಾಗೇ ಬಿಡಲು ಕೈ ಒಪ್ಪದೆ ಆದದ್ದು.

ಕಲ್ಲಪ್ಪನ ಮನೆಯ ಹೆಂಗಸರು ಮದುವೆ ಮನೆಗಳಿಗೆ ಹೋಗುವ ಐರಣಿ ಮಡಕೆಗೆ ಸುಣ್ಣ, ಕೆಮ್ಮಣ್ಣಿನಲ್ಲಿ ಚಿತ್ರ ಬರೆಯುವವರು. ಕೊರಳಿನ ಗೆರೆಯನ್ನು ಕುಂಚ ಎತ್ತದೆ ಒಂದೇ ಉಸಿರಿಗೆ ಎಳೆದು ಕೂಡಿಸಬೇಕು. ಕೂಡದೆ ಹೋದರೆ ಆ ಮಡಕೆಯನ್ನು ಒಡೆದು ಇನ್ನೊಂದು ಬರೆಯಬೇಕು. ಹಾಲಮ್ಮನ ಮದುವೆಯ ದಿನ ಅವ್ವನ ಕೈ ನಡುಗಿ ಗೆರೆ ಒಂದು ಬೆರಳಷ್ಟು ದೂರ ನಿಂತುಬಿಟ್ಟಿತ್ತು. ಇನ್ನೊಂದು ಬರೀತೀನಿ ಅಂದಳು ಅವ್ವ. ಮುಹೂರ್ತ ಮೀರುತ್ತದೆ, ಯಾರು ನೋಡುತ್ತಾರೆ, ನಡೀರಿ ಎಂದು ಮಡಕೆ ಎತ್ತಿಕೊಂಡು ಹೊರಟವನು ಕಲ್ಲಪ್ಪ.

ಹಸೆಮಣೆಯ ಮೇಲೆ ಕೂತ ಹಾಲಮ್ಮ ಮಾತ್ರ ಅದನ್ನು ನೋಡಿದಳು.

ಅಡುಗೆಮನೆಯ ಪರದೆಯ ಕೆಳಗಿನಿಂದ ಒಂದು ಕೈ ಎರಡು ಲೋಟ ಮಜ್ಜಿಗೆಯನ್ನು ಹೊಸಿಲ ಮೇಲಿಟ್ಟು ಒಳಗೆ ಸರಿಯಿತು.

"ತಗೊಳ್ಳಿ ದಫೇದಾರ್. ದ್ಯಾಮಮ್ಮ ಅಂತ, ಆಯಾ. ಪಾಪ, ಮೂಗಿ. ಮೇಡಂ ಸಾಯೋವರೆಗೂ ಕೂಸಿನ ಹಾಗೆ ನೋಡ್ಕೊಂಡ್ಲಂತೆ" ಎಂದರು ಇನ್ಸ್‌ಪೆಕ್ಟರು.

ದೊಡ್ಡಪತ್ರೆ ಕಿವುಚಿ ಹಾಕಿದ ಮಜ್ಜಿಗೆ. ಕಲ್ಲಪ್ಪ ಗಟಗಟನೆ ಕುಡಿದು ಲೋಟ ಕೆಳಗಿಟ್ಟ. ಅವನ ಮನಸ್ಸು ಆಗಲೇ ಅಜ್ಜಂಪುರದ ಕುಂಬಾರಗೇರಿಯಲ್ಲಿತ್ತು. ಆ ಕಲ್ಲು ಹೊಳೆಗೆ ಬೀಳದೆ ಉಳಿದಿದ್ದರೆ ಒಬ್ಬಳ ಹತ್ತಿರವೇ ಉಳಿದಿರಬೇಕು. ಅಕ್ಕ ಕರಿಬಸಮ್ಮ.

ಬಂಗಲೆಯ ಗೇಟಿನ ಹೊರಗೆ ರಂಗಪ್ಪನ ಹೆಂಡತಿ ಕೆಂಚಮ್ಮ ಮಣ್ಣಿನಲ್ಲಿ ಕೂತಿದ್ದಳು. ಟೋಪಿ ಕಂಡದ್ದೇ ಎದ್ದು ನಿಂತಳು.

"ಸ್ವಾಮೀ, ನಮ್ಮೋರು ಬೀರೂರು ರೈಲಿಗೆ ಒಯ್ದಿದ್ದು ಮಡಕೆ ಅಲ್ಲ, ಸಾಹೇಬ್ರ ಪುಸ್ತಕದ ಪೆಟ್ಟಿಗೆ. ರಸೀದಿ ಎಲ್ಲೋ ಬೀಳಿಸ್ಕೊಂಡವ್ರೆ, ಅಷ್ಟೇಯ. ನಾಡಿದ್ದು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ತಾರಂತೆ. ಜೈಲಾದ್ರೆ ನಾವೇನ್ ಮಾಡನ?"

"ನೋಡೋಣ ಕಣಮ್ಮ" ಎಂದ ಕಲ್ಲಪ್ಪ. ಅಂಥ ಮಾತನ್ನು ಅವನು ನೂರು ಜನಕ್ಕೆ ಹೇಳಿದ್ದ. ಇವತ್ತು ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ.

* * *

ತರೀಕೆರೆಯಲ್ಲಿ ಬಸ್ಸು ಬದಲಿಸಿ ಅಜ್ಜಂಪುರದಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು ಬಾಗುತ್ತಿತ್ತು. ಕಲ್ಲಪ್ಪ ಮನೆಗೂ ಹೋಗಲಿಲ್ಲ.

ಕರಿಬಸಮ್ಮ ಅಂಗಳದ ಬೇವಿನ ನೆರಳಿನಲ್ಲಿ ಕೂತು ಈಚಲ ಕಡ್ಡಿಯ ತುದಿ ಅಗಿಯುತ್ತಿದ್ದಳು. ಅಗಿದು ಅಗಿದು ನಾರು ಬಿಟ್ಟ ಮೇಲೆ ಅದೇ ಕುಂಚ. ಮಾಘ ಮಾಸ, ಮದುವೆಗಳ ಕಾಲ. ಅವಳ ಸುತ್ತ ಹತ್ತು ಹನ್ನೆರಡು ಐರಣಿ ಮಡಕೆ ಕೂತಿದ್ದವು. ಅಮೆರಿಕದ ಯಾವುದೋ ಗುಡ್ಡದ ಮೇಲೂ ಒಬ್ಬ ಮುದುಕಿ ಹೀಗೇ ಕೂತು ಎಲೆ ಅಗಿಯುತ್ತಾಳೆ ಎಂದು ಹೇಳಿದರೆ ಅಕ್ಕ ನಕ್ಕಾಳು ಎಂದುಕೊಂಡ. ನಗಿಸುವ ಹೊತ್ತಲ್ಲ.

"ಏನಪ್ಪಾ, ಟೋಪಿ ಸಮೇತ ಬಂದ್ಬಿಟ್ಟೆ? ಯಾರನ್ನ ಹಿಡ್ಕೊಂಡ್ ಹೋಗಕ್ಕೆ?"

"ಸುಮ್ನೆ ಬಂದೆ ಕಣಕ್ಕ."

"ಸುಮ್ನೆ ಬರೋನಲ್ಲ ನೀನು. ನಿನ್ ಹೆಂಡ್ತಿ ತೀರ್ಥಮ್ಮ ಹೆಂಗವ್ಳೆ? ದೀಪಾವಳೀಲಿ ಕೊಟ್ಟಿದ್ದೆನಲ್ಲ ಬೀಜದ ಗುಡಾಣ, ಅಟ್ಟದ ಮ್ಯಾಲೇ ಐತಾ? ಅವ್ಳಿಗೆ ಹೇಳು, ಯುಗಾದಿ ಆಗೋಗಂಟ ಅದರ ಬಾಯಿ ಮಣ್ಣು ಕೀಳ್ಬ್ಯಾಡ್ದು. ಹುಳ ಬೀಳ್ತವೆ."

"ನಿನ್ ಗುಡಾಣ ಯಾರ್ ಮುಟ್ತಾರೆ." ಅವನು ಅವಳೆದುರು ಕುಕ್ಕರಗಾಲಲ್ಲಿ ಕೂತ. ಅವಳು ಕುಂಚವನ್ನು ಸುಣ್ಣದಲ್ಲಿ ಅದ್ದಿ ಒಂದು ಮಡಕೆಯ ಕೊರಳಿಗೆ ಇಟ್ಟಳು. ಎಡಗೈ ಮಡಕೆಯನ್ನು ತಿರುಗಿಸತೊಡಗಿತು. ಗೆರೆ ಅರ್ಧ ಸುತ್ತಿದಾಗ ಕಲ್ಲಪ್ಪ ಕೇಳಿದ:

"ಅವ್ವನ ತಟ್ಟುಗಲ್ಲು ಎಲ್ಲೈತೆ?"

ಕುಂಚ ನಿಲ್ಲಲಿಲ್ಲ. ನಿಲ್ಲುವಂತಿರಲಿಲ್ಲ. ಗೆರೆಯನ್ನು ಕೂಡಿಸಿ ಮುಗಿಸಿದ ಮೇಲೆಯೇ ಕರಿಬಸಮ್ಮ ತಲೆ ಎತ್ತಿದಳು. ಅಷ್ಟು ಹೊತ್ತಿಗೆ ಅವಳ ಮುಖ ಗಟ್ಟಿಯಾಗಿತ್ತು.

"ಹಾಲಿ ಜತೆ ಹೊಳೆ ಸೇರ್ತು. ನಿಂಗೊತ್ತಿಲ್ವಾ?"

"ಹೊಳೆ ಸೇರಿದ ಕಲ್ಲು ಮಡಕೆ ತಟ್ಟೈತೆ ಕಣಕ್ಕ. ಲಕ್ಕವಳ್ಳಿ ಸಾಹೇಬ್ರ ಮನೇಲಿ. ನನ್ನ ಕೈಯಾರೆ ಮುಟ್ಟಿ ಬಂದೆ. ನಾನ್ ಚಕ್ಕೆ ಹಾರಿಸಿದ್ದು ಹಂಗೇ ಐತೆ."

ಎದುರು ಮನೆಯ ಕೋಳಿಯೊಂದು ಬೂದಿ ಕೆದಕುತ್ತಿತ್ತು. ಕರಿಬಸಮ್ಮ ಅದನ್ನೇ ನೋಡಿದಳು. ಆಮೇಲೆ ಕುಂಚವನ್ನು ಪಕ್ಕಕ್ಕಿಟ್ಟು ಎರಡೂ ಕೈಯನ್ನು ಮುಂದೆ ಚಾಚಿದಳು.

"ನಾನೇ ಮಾಡ್ದೆ. ಹಾಕು ಕೋಳ."

"ನೀನಾ?"

"ಊಂ. ಆಸೆ ಆಯ್ತು. ಚೆಂದಾಗಿತ್ತು, ಎತ್ಕೊಂಡೆ. ಅದ್ರಂಗೇ ಒಂದು ಮಾಡಿಟ್ಟೆ. ಕಲ್ಲು ನನ್ನತ್ರನೇ ಇತ್ತು, ನಿನ್ನೆ ಬಾವಿಗೆ ಹಾಕ್ದೆ. ಇನ್ನೇನ್ ಬೇಕು? ನಡಿ."

ಹತ್ತೊಂಬತ್ತು ವರ್ಷ ಸುಳ್ಳು ಕೇಳಿ ಕೇಳಿ ಕಲ್ಲಪ್ಪನ ಕಿವಿ ಪಳಗಿತ್ತು. ಸುಳ್ಳು ಹೇಳುವವರು ಕೇಳದೇ ಇದ್ದದ್ದಕ್ಕೂ ಉತ್ತರ ಕೊಡುತ್ತಾರೆ. ಆದರೂ ಎದುರಿಗಿರುವವಳು ತನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವನಿಗೆ ದುಃಖ ಒತ್ತರಿಸಿ ಬಂತು.

"ಮಣ್ಣು ಹಳದಿ ಐತಲ್ಲ, ಎಲ್ಲಿಂದ ತಂದೆ?"

"ಕಾಲುವೆ ತೋಡ್ತಾರಲ್ಲ, ಅಲ್ಲಿಂದ."

"ಕೆಂಪು?"

"ಕೆಮ್ಮಣ್ಣುಗುಂಡಿ ಕಲ್ಲು ಅರೆದೆ."

ಎರಡೂ ಸರಿ. ಯಾರೋ ಇವಳಿಗೆ ಹೇಳಿದ್ದಾರೆ. ಕಲ್ಲಪ್ಪ ನೆಲದ ಮೇಲೆ ಬೆರಳಿನಿಂದ ಗೀಚುತ್ತ, ಬೇರೇನೋ ಯೋಚನೆಯಲ್ಲಿದ್ದವನ ಹಾಗೆ ಕೇಳಿದ.

"ಕೊರಳಿನ ಗೆರೆ ಹೆಂಗೆ ಬರ್ದೆ?"

"ಸಾಹೇಬ್ರ ಮಡಕೇಲಿ ಹೆಂಗಿತ್ತೋ ಹಂಗೇಯ. ಒಂದು ಬೆರಳು ಜಾಗ ಬಿಟ್ಟು ಬರ್ದೆ. ನಮ್ಮ ಪದ್ಧತಿ ಅಲ್ದೆ ಇದ್ರೂ ಬಿಟ್ಟೆ."

ಕಲ್ಲಪ್ಪ ಅಕ್ಕನ ಚಾಚಿದ ಕೈಗಳನ್ನು ಹಿಡಿದು ಅವಳ ಮಡಿಲಿಗೇ ಇಟ್ಟ.

"ಆ ಮಡಕೇಲಿ ಗೆರೆ ಕೂಡೈತೆ ಕಣಕ್ಕ" ಎಂದ. "ನೀನದನ್ನ ಕಣ್ಣಲ್ಲೂ ನೋಡಿಲ್ಲ."

ಕರಿಬಸಮ್ಮ ಸುಣ್ಣ ಹತ್ತಿದ ಬೆರಳನ್ನು ನೆಲಕ್ಕೆ ಒರೆಸಿದಳು.

"ಬಿಟ್ಟ ಗೆರೆ ಕಂಡ್ರೆ ತಡೀದೆ ಇರೋಳು ನಮ್ಮನೇಲಿ ಒಬ್ಳೇ ಇದ್ಲು." ಅವನು ಅವಳ ಹತ್ತಿರಕ್ಕೆ ಬಾಗಿದ. "ಅಕ್ಕ, ಹಾಲಿ ಬದುಕವ್ಳಾ?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜಗಳು ಕುಲುಕುತ್ತಿದ್ದವು, ಕಲ್ಲಪ್ಪನಿಗೆ ಅಷ್ಟೇ ಸಾಕಾಯಿತು. ಸಂತೋಷಪಡಬೇಕಾದ ಮಾತು. ಸತ್ತ ತಂಗಿ ಬದುಕಿದ್ದಾಳೆ. ಆದರೆ ಎದೆಯೊಳಗೆ ಯಾರೋ ಕಲ್ಲು ಆನಿಸಿ ಹಿಡಿದು ಹೊರಗಿನಿಂದ ತಟ್ಟಿದಂತಾಯಿತು.

"ಆರು ವರ್ಷ! ನಂಗೊಂದ್ ಮಾತು ಹೇಳ್ಬಾರ್ದಿತ್ತೇನೇ? ಹೊಳೆ ದಡದಲ್ಲಿ ಕೂತು ಮೂರು ದಿನ ಅತ್ತಿದ್ದೀನಿ. ಅವಳಿಗೆ ಎಳ್ಳುನೀರು ಬಿಟ್ಟಿದ್ದೀನಿ ಕಣೇ ನಾನು!"

"ಹೇಳಕ್ಕೆ ನೀನ್ಯಾರೋ? ಅಣ್ಣನೋ, ಪೊಲೀಸೋ?" ಕರಿಬಸಮ್ಮ ಕಣ್ಣು ಒರೆಸಿಕೊಂಡು ನೇರ ಅವನ ಮುಖಕ್ಕೇ ಕೇಳಿದಳು. "ಮೂರು ಸಲ ಓಡ್ಬಂದ್ಲು ಅವಳು. ಬೆನ್ನ ಮ್ಯಾಲೆ ಬಾಸುಂಡೆ ತೋರಿಸ್ಕೊಂಡು ಬಂದ್ಲು. ಮೂರು ಸಲಾನೂ ನೀನೇ ಈ ಟೋಪಿ ಹಾಕ್ಕೊಂಡು ಗಂಡನ ಮನೆಗೆ ಬಿಟ್ಬಂದೆ. ದಫೇದಾರ್ರ ಮನೆ ಹೆಣ್ಣು ಬೀದಿಗೆ ಬೀಳ್ಬಾರ್ದು ಅಂದೆ. ನಾಲ್ಕನೇ ಸಲಕ್ಕೆ ಅವಳು ನಿನ್ನ ಮನೆ ಕಡೆ ಬರ್ಲಿಲ್ಲ. ಹೊಳೆ ದಡದಲ್ಲಿ ಕೊಡ ಇಟ್ಟು, ಸತ್ತೆ ಅನ್ನಿಸ್ಕೊಂಡ್ಲು."

ಕಲ್ಲಪ್ಪ ಟೋಪಿ ತೆಗೆದು ನೆಲದ ಮೇಲಿಟ್ಟ.

"ಅವ್ವ..." ಎಂದ.

"ಅವ್ವಂಗೂ ಗೊತ್ತಿತ್ತು."

"ಸುಳ್ಳು."

"ಅವ್ವನಾಣೆ. ಸಾಯೋವಾಗ ಅವ್ವ ನಿನ್ ಮುಖ ನೋಡ್ಲಿಲ್ಲ, ಗ್ವಾಡೆ ಕಡೆ ತಿರಿಕ್ಕೊಂಡ್ಲು ಅಂತ ಇವತ್ತಿಗೂ ಕೊರಗ್ತೀಯಲ್ಲ? ನಿನ್ ಮ್ಯಾಲೆ ಸಿಟ್ಟಿಗಲ್ಲ ಕಣೋ. ನೋಡಿದ್ರೆ ಹೇಳ್ಬಿಡ್ತಿದ್ಲು. ಹೆತ್ತ ಕರುಳು, ತಡೀತಿತ್ತಾ? ಅದಕ್ಕೇ ತಿರಿಕ್ಕೊಂಡ್ಲು."

ಅವನು ಅತ್ತ. ನಲವತ್ತೆರಡು ವರ್ಷದ ಗಂಡಸು, ಖಾಕಿ ಹಾಕಿದವನು, ಹನ್ನೆರಡು ಮದುವೆ ಮಡಕೆಗಳ ನಡುವೆ ಕೂತು ಮಗುವಿನ ಹಾಗೆ ಅತ್ತ. ಕರಿಬಸಮ್ಮ ಅವನ ತಲೆಯ ಮೇಲೆ ಕೈ ಇಟ್ಟಳು. ಸುಣ್ಣದ ಕೈ, ಕೂದಲಿಗೆ ಬಿಳಿ ಹತ್ತಿತು.

"ಎಲ್ಲವ್ಳೆ ಈಗ?"

"ಆ ಬಂಗ್ಲೆಗೆ ಹೋಗಿದ್ಯಲ್ಲ. ನೀರು ನಿಡಿ ಏನಾರ ಕುಡಿದ್ಯಾ?"

"ಮಜ್ಜಿಗೆ ಕೊಟ್ರು."

"ಯಾರು?"

ಪರದೆಯ ಕೆಳಗಿನಿಂದ ಬಂದ ಕೈ ಅವನ ಕಣ್ಣಿಗೆ ಕಟ್ಟಿತು. ದೊಡ್ಡಪತ್ರೆ ಕಿವುಚಿದ ಮಜ್ಜಿಗೆ ಅವ್ವನ ಮಜ್ಜಿಗೆ. ಅದೂ ನಾಲಿಗೆಗೆ ಗೊತ್ತಾಗಲಿಲ್ಲ. ಮೂಗಿಯಂತೆ! ದನಿ ಕೇಳಿದರೆ ಯಾರಾದರೂ ಗುರುತು ಹಿಡಿದಾರೆಂದು ಆರು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಬದುಕಿದ್ದಾಳೆ ಹುಡುಗಿ. ಮನೆಯಲ್ಲಿದ್ದಾಗ ನಿಮಿಷ ಸುಮ್ಮನಿರದವಳು.

"ಯಾಕೆ ಮಾಡಿದ್ಲು ಈ ಕೆಲ್ಸ? ಕಳ್ಳಿ ಅಲ್ಲ ಅವಳು."

"ಆ ದೊರೆಸಾನಿ ಒಬ್ರ ಹತ್ರಾನೇ ಅವಳು ಬಾಯಿ ಬಿಟ್ಟಿದ್ದು. ಆವಮ್ಮ ಸಾಯೋ ಮುಂಚೆ ಏನೋ ಮಾತು ತಗೊಂಡವ್ರೆ. ಏನು ಅಂತ ನಂಗೂ ಹೇಳಿಲ್ಲ."

"ಸಾಹೇಬ್ರ ಮಡಕೆ ಎಲ್ಲೈತೆ?"

"ಅದೊಂದ್ ಕೇಳ್ಬ್ಯಾಡ." ಕರಿಬಸಮ್ಮ ಮತ್ತೆ ಕುಂಚ ಎತ್ತಿಕೊಂಡಳು. ಬರೆಯದೆ ಮತ್ತೆ ಕೆಳಗಿಟ್ಟಳು. "ಕಲ್ಲೂ, ನಾಲ್ಕನೇ ಸಲ ಅವಳನ್ನ ಬಿಟ್ಬರ್ಬ್ಯಾಡ ಕಣೋ."

* * *

ಆ ರಾತ್ರಿ ಕಲ್ಲಪ್ಪ ಊಟ ಬೇಡವೆಂದ. ತೀರ್ಥಮ್ಮ ಕೇಳಿದ್ದಕ್ಕೆ ತಲೆನೋವು ಎಂದ. ಹೇಳಿದರೆ ತಂಗಿ ಜೈಲಿಗೆ ಹೋಗುತ್ತಾಳೆ. ಹೇಳದಿದ್ದರೆ ಏನೂ ಅರಿಯದ ರಂಗಪ್ಪ ಹೋಗುತ್ತಾನೆ. ಮೂರನೆಯ ದಾರಿ ಇದೆಯೇನೋ ಎಂದು ಬೆಳಗಿನವರೆಗೂ ಹುಡುಕಿದ, ಸಿಗಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಬಂಗಲೆ ತಲುಪಿದಾಗ ಇನ್ಸ್‌ಪೆಕ್ಟರ ಜೀಪು ಆಗಲೇ ನಿಂತಿತ್ತು. ಪಂಚನಾಮೆಗೆಂದು ರಂಗಪ್ಪನನ್ನೂ ಕರೆತಂದಿದ್ದರು. ಎಂಟೊಂಬತ್ತು ದಿನದ ಗಡ್ಡ, ಕೈಗೆ ಕೋಳ. ಅವನು ಮಡಕೆಯಿದ್ದ ಮೇಜಿನ ಪಕ್ಕ ನಿಂತು ಗೇಟಿನ ಕಡೆ ನೋಡುತ್ತಿದ್ದ. ಗೇಟಿನಾಚೆ ಕೆಂಚಮ್ಮ ಬುತ್ತಿಯ ಗಂಟು ಹಿಡಿದು ನಿಂತಿದ್ದಳು. ಸಾಹೇಬರು ಕಿಟಕಿಯ ಹತ್ತಿರ ಅದೇ ಕುರ್ಚಿಯಲ್ಲಿ.

ಅಡುಗೆಮನೆಯ ಪರದೆ ಅಲುಗಾಡದೆ ಇಳಿಬಿದ್ದಿತ್ತು. ಅದರ ಕೆಳಗೆ ಎರಡು ಪಾದ ಕಾಣುತ್ತಿದ್ದವು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಚಿಕ್ಕಂದಿನಲ್ಲಿ ಆ ಬೆರಳನ್ನು ಎಳೆದೆಳೆದು ಅಳಿಸುತ್ತಿದ್ದವನು ಅವನೇ.

"ಹೇಳಿ ದಫೇದಾರ್, ಒಂದಿನ ಟೈಮ್ ಆಯ್ತು" ಎಂದರು ಇನ್ಸ್‌ಪೆಕ್ಟರು. "ಈ ಮಡಕೆ ಯಾರ ಕೈಯದು?"

ಕಲ್ಲಪ್ಪ ಗೇಟಿನ ಕಡೆ ನೋಡಲಿಲ್ಲ. ರಂಗಪ್ಪನ ಕಡೆಯೂ ನೋಡಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಡ್ಯೂಟಿಯ ಮೇಲೆ ಒಂದು ಸುಳ್ಳೂ ಹೇಳದವನು, ಅದನ್ನೇ ದೊಡ್ಡ ಆಸ್ತಿಯೆಂದು ತಿಳಿದವನು, ಎರಡು ಪಾದಗಳನ್ನು ನೋಡುತ್ತ ಬಾಯಿ ತೆರೆದ.

"ಗೊತ್ತಾಗ್ಲಿಲ್ಲ ಸ್ವಾಮಿ."

"ಗೊತ್ತಾಗ್ಲಿಲ್ವೋ?"

"ಇಲ್ಲ ಸ್ವಾಮಿ. ಈ ಕೈ ನಾನು ಕಂಡಿಲ್ಲ."

ರಂಗಪ್ಪನ ತಲೆ ಬಾಗಿತು. ಚಂದ್ರಶೇಖರಯ್ಯನವರು ಉಸಿರು ಬಿಟ್ಟು ಕಾನ್‌ಸ್ಟೇಬಲಿಗೆ ಸನ್ನೆ ಮಾಡಿದರು. "ಸರಿ, ನಡೆಸಿ ಇವನನ್ನ. ನಾಳೆ ಕೋರ್ಟಿಗೆ."

ಪರದೆ ಸರಿಯಿತು.

"ಅದು ನನ್ ಕೈ ಸ್ವಾಮೀ."

ಆರು ವರ್ಷ ಗಟ್ಟಿಯಾಗಿ ಆಡದೆ ಉಳಿದ ಗಂಟಲು ಒಡಕಾಗಿತ್ತು. ಸಾಹೇಬರು ಕುರ್ಚಿಯಿಂದ ಅರ್ಧ ಎದ್ದು ಹಾಗೇ ನಿಂತರು. ಮೂಗಿ ಮಾತಾಡಿದ್ದಳು. ಕೆನ್ನೆ ಬತ್ತಿತ್ತು, ಬೈತಲೆಯ ಹತ್ತಿರ ನರೆ ಬಂದಿತ್ತು, ಇಪ್ಪತ್ತೆಂಟಕ್ಕೇ. ಆದರೂ ಹಾಲಮ್ಮನೇ. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಉರುಟು ಕಲ್ಲನ್ನು ಮಡಕೆಯ ಪಕ್ಕದಲ್ಲಿ ಇಟ್ಟಳು. ಅದರ ಅಂಚಿನಲ್ಲಿ ಒಂದು ಚಕ್ಕೆ ಹಾರಿತ್ತು.

"ರಂಗಣ್ಣನ್ನ ಬಿಟ್ಬಿಡಿ. ಅವನಿಗೇನೂ ಗೊತ್ತಿಲ್ಲ. ಒಬ್ರಿಗೆ ಮಾತು ಕೊಟ್ಟಿದ್ದೆ, ಅದಕ್ಕೇ ಇಷ್ಟು ದಿನ ಬಾಯಿ ಬಿಡ್ಲಿಲ್ಲ. ಇನ್ನಾಗಕ್ಕಿಲ್ಲ."

ಇನ್ಸ್‌ಪೆಕ್ಟರ ಲೇವಡಿಯೆಲ್ಲ ಎಲ್ಲೋ ಹೋಗಿತ್ತು. "ಸಾಹೇಬರ ಮಡಕೆ ಎಲ್ಲಮ್ಮ?" ಎಂದು ಮೆಲ್ಲಗೆ ಕೇಳಿದರು.

ಹಾಲಮ್ಮ ಆಗ ಅಣ್ಣನನ್ನು ನೋಡಿದಳು. ಅವಳ ನೋಟದಲ್ಲಿ ಸಿಟ್ಟಿತ್ತೋ ಕರುಣೆಯಿತ್ತೋ ಕಲ್ಲಪ್ಪನಿಗೆ ತಿಳಿಯಲಿಲ್ಲ. ಆ ಕ್ಷಣಕ್ಕೆ ಅವನಿಗೆ ಬೇರೊಂದು ಹೊಳೆಯಿತು. ನಕಲಿಯನ್ನು ನೋಡದ ಅಕ್ಕನಿಗೆ ಅಸಲಿಯಲ್ಲಿ ಒಂದು ಬೆರಳು ಜಾಗ ಬಿಟ್ಟಿದೆಯೆಂದು ಗೊತ್ತಿತ್ತು. ಅದನ್ನು ಅವಳು ನೋಡಿದ್ದೆಲ್ಲಿ? ನಿನ್ನೆ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ, ಅದನ್ನೇ ಅವನು ಕೇಳಿರಲಿಲ್ಲ.

ದೀಪಾವಳಿ. ಅಟ್ಟ. ಬಾಯಿಗೆ ಮಣ್ಣು ಮೆತ್ತಿದ ಗುಡಾಣ.

"ಅಜ್ಜಂಪುರದಾಗೈತೆ ಸ್ವಾಮೀ" ಎಂದಳು ಹಾಲಮ್ಮ. "ಈ ದಫೇದಾರ್ರ ಮನೆ ಅಟ್ಟದ ಮ್ಯಾಲೆ."

ಈ ಕೈ ನಾನು ಕಂಡಿಲ್ಲ ಎಂದು ಕಲ್ಲಪ್ಪ ಹೇಳಿ ಇನ್ನೂ ಎರಡು ನಿಮಿಷವಾಗಿರಲಿಲ್ಲ. ಚಂದ್ರಶೇಖರಯ್ಯನವರು ಮೇಜಿನ ಮೇಲಿನ ಕಲ್ಲನ್ನು ನೋಡಿದರು, ಅಣ್ಣತಂಗಿಯರ ಒಂದೇ ಥರದ ಮೂಗು ಹುಬ್ಬುಗಳನ್ನು ನೋಡಿದರು. ಆಮೇಲೆ, ಈ ಎರಡು ದಿನದಲ್ಲಿ ಮೊದಲ ಸಲ ದಫೇದಾರ್ ಎನ್ನದೆ, ಹೆಸರು ಹಿಡಿದು ಕರೆದರು.

"ಕಲ್ಲಪ್ಪ, ಟೋಪಿ ತೆಗೆದು ಮೇಜಿನ ಮೇಲಿಡು."